ಬಹುಮಾನದ ಹಣವೂ ಶಿಕ್ಷಕರ ಉತ್ಸಾಹವೂ: ಸಂಪಾದಕರ ಉತ್ತರ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರಗಳು.

ಉದ್ಯೋಗಿಗಳ ಪ್ರೇರಣೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ತಮ್ಮ ವಿಷಯಕ್ಕೆ ನೂರಕ್ಕೆ ನೂರು ಫಲಿತಾಂಶ ತಂದ ಶಿಕ್ಷಕರಿಗೆ ನಗದು ಬಹುಮಾನ ಕೊಡಬೇಕು, ಫಲಿತಾಂಶ ಕುಸಿದವರಿಂದ ಲಿಖಿತ ವಿವರಣೆ ಪಡೆಯಬೇಕು ಎಂದು ತಮ್ಮ ಅನುದಾನಿತ ಪ್ರೌಢಶಾಲೆಯ ಆಡಳಿತ ಮಂಡಳಿ ಯೋಚಿಸುತ್ತಿದೆಯೆಂದೂ, ಅದಕ್ಕೆ ಸದಸ್ಯರೊಬ್ಬರು ನಮ್ಮ ಲೇಖನವನ್ನೇ ಆಧಾರವಾಗಿ ತೋರಿಸಿದರೆಂದೂ ತಿಳಿಸಿದ್ದೀರಿ. ಕಾರ್ಖಾನೆ, ಕಚೇರಿಗಳನ್ನು ನೋಡಿ ಕಟ್ಟಿದ ಸಿದ್ಧಾಂತ ಶಾಲೆಗೆ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೊಂದುತ್ತದೆ. ಆದರೆ ಮಂಡಳಿ ಅದರಿಂದ ತೆಗೆದಿರುವ ತೀರ್ಮಾನ ಆ ಸಿದ್ಧಾಂತದಲ್ಲಿ ಇಲ್ಲ.

ಆ ಸಿದ್ಧಾಂತ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅವರದು. ಅವರು ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1959ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿದ್ದರು. ಕೆಲಸದಲ್ಲಿ ಯಾವಾಗ ತುಂಬ ಸಂತೋಷವಾಯಿತು, ಯಾವಾಗ ತುಂಬ ಬೇಸರವಾಯಿತು ಎಂದು ಕೇಳಿದಾಗ ಬಂದ ಉತ್ತರಗಳು ಒಂದೇ ಸಂಗತಿಯ ಎರಡು ತುದಿಗಳಾಗಿರಲಿಲ್ಲ. ಸಂತೋಷದ ಮಾತು ಬಂದಾಗ ಜನ ತಾವು ಸಾಧಿಸಿದ್ದನ್ನು, ತಮಗೆ ಸಿಕ್ಕ ಮನ್ನಣೆಯನ್ನು, ಹೊತ್ತ ಹೊಣೆಯನ್ನು ನೆನೆದರು. ಬೇಸರದ ಮಾತು ಬಂದಾಗ ಸಂಸ್ಥೆಯ ನಿಯಮಗಳು, ಮೇಲಧಿಕಾರಿಯ ವರ್ತನೆ, ಕೆಲಸದ ವಾತಾವರಣಗಳನ್ನು ನೆನೆದರು. ಸಂಬಳವನ್ನು ಹರ್ಜ್‌ಬರ್ಗ್ ಸೇರಿಸಿದ್ದು ಈ ಎರಡನೆಯ ಗುಂಪಿಗೆ. ಎರಡನೆಯ ಗುಂಪಿನ ಕೊರತೆಗಳನ್ನು ನೀಗಿಸಿದರೆ ಬೇಸರ ತಗ್ಗುತ್ತದೆ, ಆದರೆ ಅಷ್ಟರಿಂದಲೇ ಉತ್ಸಾಹ ಹುಟ್ಟುವುದಿಲ್ಲ ಎಂಬುದು ಅವರ ಮುಖ್ಯ ವಾದ. ಜನ ಒಳ್ಳೆಯದನ್ನು ತಮ್ಮ ಖಾತೆಗೂ ಕೆಟ್ಟದ್ದನ್ನು ಸುತ್ತಲಿನ ಪರಿಸ್ಥಿತಿಯ ಖಾತೆಗೂ ಬರೆದುಕೊಳ್ಳುವುದು ಸಹಜವಾದ್ದರಿಂದ ಈ ವಿಂಗಡಣೆಯನ್ನು ಪೂರ್ತಿ ನಂಬಲಾಗದು ಎಂಬ ಆಕ್ಷೇಪವೂ ಬೇಗನೆ ಬಂತು. ಆ ಆಕ್ಷೇಪದಲ್ಲಿ ಹುರುಳಿದೆ.

ಇದೇ ಪ್ರಶ್ನೆಗಳನ್ನು ಶಿಕ್ಷಕರಿಗೆ ಕೇಳಿ ಅಮೆರಿಕದ ಶಿಕ್ಷಣ ವಿದ್ವಾಂಸ ಥಾಮಸ್ ಸರ್ಜಿಯೊವಾನಿ ಅವರು 1967ರಲ್ಲಿ ಪ್ರಕಟಿಸಿದ ಅಧ್ಯಯನ ತಮಗೆ ಹೆಚ್ಚು ಹತ್ತಿರದ್ದು. ಸಾಧನೆ, ಮನ್ನಣೆ, ಹೊಣೆ ಇವು ಶಿಕ್ಷಕರಲ್ಲೂ ಸಂತೋಷದ ಮೂಲಗಳಾಗಿಯೇ ಕಂಡವು. ಆದರೆ ಬಡ್ತಿಯ ಪ್ರಸ್ತಾಪವೇ ಹೆಚ್ಚುಕಡಿಮೆ ಬರಲಿಲ್ಲ, ಏಕೆಂದರೆ ಪಾಠ ಮಾಡುವ ವೃತ್ತಿಯಲ್ಲಿ ಏರಲು ಮೆಟ್ಟಿಲುಗಳೇ ಕಡಿಮೆ. ಸಹ ಶಿಕ್ಷಕರಾಗಿ ಸೇರಿ, ಮೂವತ್ತು ವರ್ಷ ಕಲಿಸಿ, ಸಹ ಶಿಕ್ಷಕರಾಗಿಯೇ ನಿವೃತ್ತರಾಗುವವರನ್ನು ತಾವು ನನಗಿಂತ ಹೆಚ್ಚು ಕಂಡಿದ್ದೀರಿ. ಹಾಗಿರುವಾಗ ಅವರಿಗೆ ಉಳಿಯುವ ದೊಡ್ಡ ಪ್ರತಿಫಲವೆಂದರೆ ತಾನು ಕಲಿಸಿದ್ದು ಮಗುವಿಗೆ ಹತ್ತಿತು ಎಂಬ ಅನುಭವ. ಶಾಲೆಯಲ್ಲಿ ಉತ್ಸಾಹವನ್ನು ಹೊರಗಿನಿಂದ ತಂದು ತುಂಬಬೇಕಾಗಿಲ್ಲ. ಕೆಲಸದಲ್ಲೇ ಇರುವ ಉತ್ಸಾಹಕ್ಕೆ ಅಡ್ಡಿಯಾಗಿರುವುದನ್ನು ತೆಗೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಅಡ್ಡಿಗಳಲ್ಲಿ ಮೊದಲನೆಯದು ತಮ್ಮ ಪತ್ರದಲ್ಲೇ ಇದೆ. ಸರ್ಕಾರ ಸಂಬಳ ಕೊಡುವ ಅನುದಾನಿತ ಹುದ್ದೆಗಳು ಖಾಲಿಯಾಗಿ ಭರ್ತಿಯಾಗದೆ ಉಳಿದಿರುವುದರಿಂದ ಮಂಡಳಿಯೇ ಅಲ್ಪ ಗೌರವಧನದ ಮೇಲೆ ನೇಮಿಸಿಕೊಂಡ ಮೂವರು ತಮ್ಮಲ್ಲಿದ್ದಾರೆ, ಅವರಿಗೆ ಬೇಸಿಗೆ ರಜೆಯಲ್ಲಿ ಏನೂ ಸಿಗುವುದಿಲ್ಲ ಎಂದು ಬರೆದಿದ್ದೀರಿ. ಸಂಬಳದಿಂದ ಉತ್ಸಾಹ ಹುಟ್ಟುವುದಿಲ್ಲವೆಂದು ಸಿದ್ಧಾಂತವೇ ಹೇಳಿದ ಮೇಲೆ ಸಂಬಳ ಹೆಚ್ಚಿಸುವುದೇಕೆ ಎಂದು ಕೇಳುವವರಿದ್ದಾರೆ. ಇದು ಹರ್ಜ್‌ಬರ್ಗ್ ಅವರ ಮಾತನ್ನು ತಲೆಕೆಳಗು ಮಾಡಿದಂತೆ. ನ್ಯಾಯವಾದ ಸಂಬಳ, ಸರಿಯಾದ ಶೌಚಾಲಯ, ಗೌರವದ ಮಾತು ಇಲ್ಲದ ಕಡೆ ಮನ್ನಣೆಯ ಶಾಲು, ಹಾರಗಳಿಗೆ ಬೆಲೆಯಿಲ್ಲ. ಪಕ್ಕದ ತರಗತಿಯಲ್ಲಿ ಅದೇ ಪಾಠ ಮಾಡುವವರು ಪಡೆಯುವ ಸಂಬಳದ ಸಣ್ಣ ಪಾಲನ್ನಷ್ಟೇ ಪಡೆಯುವ ಶಿಕ್ಷಕಿಯನ್ನು ಬಹುಮಾನದ ಸ್ಪರ್ಧೆಗೆ ನಿಲ್ಲಿಸುವುದು ಅನ್ಯಾಯ. ಮಂಡಳಿ ಬಹುಮಾನಕ್ಕೆಂದು ತೆಗೆದಿಟ್ಟ ಹಣ ಮೊದಲು ಹೋಗಬೇಕಾದದ್ದು ಈ ಮೂವರ ಬೇಸಿಗೆ ತಿಂಗಳುಗಳಿಗೆ.

ಇನ್ನು ಬಹುಮಾನದ ವಿಷಯ. ಹಣದ ಪ್ರೋತ್ಸಾಹ ಎಲ್ಲೂ ಫಲ ಕೊಟ್ಟಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು 2005ರಿಂದ ಆಂಧ್ರಪ್ರದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ವಾರ್ಷಿಕ ಸಂಬಳದ ಸರಾಸರಿ ಶೇ 3ರಷ್ಟಿದ್ದ ಬಹುಮಾನದಿಂದಲೇ ಮಕ್ಕಳ ಗಣಿತ ಮತ್ತು ಭಾಷೆಯ ಕಲಿಕೆ ಗಮನಾರ್ಹವಾಗಿ ಸುಧಾರಿಸಿತು. ಇದಕ್ಕೆ ವಿರುದ್ಧವಾಗಿ, ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 2006ರಿಂದ 2009ರವರೆಗೆ ಗಣಿತ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಬಹುಮಾನ ಇಟ್ಟರೂ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಆಂಧ್ರದ ಯೋಜನೆಯ ಒಂದು ಅಂಶವನ್ನು ತಮ್ಮ ಮಂಡಳಿ ಗಮನಿಸಲೇಬೇಕು. ಅಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರು ಎಂದು ಎಣಿಸಲಿಲ್ಲ. ಮಕ್ಕಳು ವರ್ಷದ ಮೊದಲು ಇದ್ದ ಮಟ್ಟದಿಂದ ಸರಾಸರಿ ಎಷ್ಟು ಮೇಲೆ ಬಂದರು ಎಂದು ಅಳೆದರು. ಆದ್ದರಿಂದ ಯಾವ ಮಗು ಮುಂದೆ ಬಂದರೂ ಅದು ಲೆಕ್ಕಕ್ಕೆ ಬರುತ್ತಿತ್ತು.

ತಮ್ಮ ಮಂಡಳಿಯ ಯೋಜನೆಯಲ್ಲಿ ಹಾಗಿಲ್ಲ. ನೂರಕ್ಕೆ ನೂರು ಎಂಬ ಗುರಿಯ ಮುಂದೆ, ಎಂಟನೇ ತರಗತಿಗೆ ಬರುವಾಗ ಭಾಗಾಕಾರವೇ ಗೊತ್ತಿರದಿದ್ದು ಈಗ 30 ಅಂಕ ತೆಗೆಯುವ ಹುಡುಗ ಶಿಕ್ಷಕರ ಸಾಧನೆಯಾಗಿ ಕಾಣುವುದಿಲ್ಲ, ಬಹುಮಾನ ತಪ್ಪಿಸುವವನಾಗಿ ಕಾಣುತ್ತಾನೆ. ಅಂಥವರನ್ನು ಒಂಬತ್ತರಲ್ಲೇ ನಿಲ್ಲಿಸುವ, ವರ್ಗಾವಣೆ ಪತ್ರ ಕೊಟ್ಟು ಕಳಿಸುವ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಸುವ ಒತ್ತಡ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಗಣಿತ, ಇಂಗ್ಲಿಷ್ ಕಲಿಸುವವರ ಕಷ್ಟಕ್ಕೂ ಪ್ರಥಮ ಭಾಷೆ ಕಲಿಸುವವರ ಕಷ್ಟಕ್ಕೂ ಒಂದೇ ಅಳತೆ ಹಾಕಿದರೆ ಶಿಕ್ಷಕರ ಕೊಠಡಿಯ ಸ್ನೇಹ ಮೊದಲು ಕೆಡುತ್ತದೆ. ಲಿಖಿತ ವಿವರಣೆಯಂತೂ ಅಂಜಿಕೆಯನ್ನಷ್ಟೇ ಹುಟ್ಟಿಸುತ್ತದೆ.

ಹೊಣೆ ಕೊಟ್ಟಾಗ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ನಮ್ಮಲ್ಲೇ ದೊಡ್ಡ ನಿದರ್ಶನವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಲ್ಲಿ ಕಲಿಕಾ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು, ತಮ್ಮ ಮಕ್ಕಳು ಆಡುವ ಮಾತಿಗೆ ಒಪ್ಪುವಂತೆ ತಿದ್ದಿದರು. ಚಟುವಟಿಕೆಗಳ ಮೂಲಕ ಮಕ್ಕಳಿಗೆ ಕಲಿಸುವ ‘ನಲಿ ಕಲಿ’ ಪದ್ಧತಿ ಹುಟ್ಟಿದ್ದು ಹಾಗೆ. ನಗದು ಬಹುಮಾನದ ಆಸೆಯಿಂದ ಅದು ಹುಟ್ಟಲಿಲ್ಲ. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹೋದಾಗ ಸಾವಿರಾರು ಶಿಕ್ಷಕರಿಗೆ ಕಾರ್ಡುಗಳು ಸಿದ್ಧವಾಗಿ, ಸುತ್ತೋಲೆಯ ಜೊತೆಗೆ ಬಂದವು. ಮೊದಲಿನವರಿಗಿದ್ದ ‘ಇದು ನಾವು ಮಾಡಿದ್ದು’ ಎಂಬ ಭಾವ ಸುತ್ತೋಲೆಯೊಡನೆ ಬರುವಂಥದ್ದಲ್ಲ.

ತಮ್ಮ ಕೈಯಲ್ಲಿರುವುದು ಸಣ್ಣ ಶಾಲೆ, ಅದೇ ಅನುಕೂಲ. ವೇಳಾಪಟ್ಟಿಯನ್ನು ಶಿಕ್ಷಕರೇ ಕೂತು ಮಾಡಲಿ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮಾರುಕಟ್ಟೆಯಿಂದ ತರಿಸುವ ಬದಲು ಅವರೇ ಬರೆಯಲಿ. ವಿದ್ಯಾರ್ಥಿಗಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವ ಕೆಲಸ, ಬಿಸಿಯೂಟದ ಲೆಕ್ಕ ಇವು ಪಾಠದ ಅವಧಿಯೊಳಗೆ ನುಗ್ಗದಂತೆ ತಾವು ತಡೆದರೆ ಅದೇ ದೊಡ್ಡ ಉಪಕಾರ.

ಸಿಬ್ಬಂದಿಯೆಂದರೆ ಶಿಕ್ಷಕರಷ್ಟೇ ಎಂಬಂತೆ ಮಂಡಳಿಯ ಯೋಜನೆಯೂ ತಮ್ಮ ಪತ್ರವೂ ಇವೆ ಎಂದು ವಿನಯದಿಂದ ಸೂಚಿಸುತ್ತೇನೆ. ಯಾವ ಮಗು ಊಟಕ್ಕೆ ಕೂರುತ್ತಿಲ್ಲ ಎಂಬುದು ಅಡುಗೆಯವರಿಗೂ, ಯಾರು ಬೆಳಗಿನ ಬಸ್ಸು ತಪ್ಪಿಸಿಕೊಂಡು ಗೇಟಿನ ಬಳಿ ನಿಂತಿದ್ದಾರೆ ಎಂಬುದು ಜವಾನರಿಗೂ ತರಗತಿ ಶಿಕ್ಷಕರಿಗಿಂತ ಮೊದಲೇ ತಿಳಿದಿರುತ್ತದೆ. ತಿಂಗಳಿಗೊಮ್ಮೆ ಸಿಬ್ಬಂದಿ ಸಭೆಗೆ ಅವರನ್ನೂ ಕರೆದು, ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಮಂಡಳಿ ಬಹುಮಾನವನ್ನು ಕೈಬಿಡಲು ಒಪ್ಪದಿದ್ದರೆ, ಅದನ್ನು ಇಡೀ ಶಾಲೆಗೆ ಒಟ್ಟಾಗಿ ಕೊಡುವಂತೆಯೂ, ಎಂಟನೇ ತರಗತಿಯ ಆರಂಭದಲ್ಲಿ ಮಕ್ಕಳು ಇದ್ದ ಮಟ್ಟದಿಂದ ಪ್ರಗತಿಯನ್ನು ಅಳೆಯುವಂತೆಯೂ, ನಡುವೆ ಶಾಲೆ ಬಿಟ್ಟ ಮಕ್ಕಳನ್ನು ಲೆಕ್ಕದಿಂದ ತೆಗೆಯದಂತೆಯೂ ಕೇಳಿಕೊಳ್ಳಿ. ಈ ಉತ್ತರವನ್ನು ಮಂಡಳಿಯ ಮುಂದಿಡಬಹುದೇ ಎಂದು ಕೇಳಿದ್ದೀರಿ, ಅಗತ್ಯವಾಗಿ ಇಡಬಹುದು.

— ಸಂಪಾದಕ