ಅರ್ಧ ಸತ್ತಿದೆ ಎಂದ ಹುಡುಗ

ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಬರೆಯಲು ಕಾರಣ ಇಷ್ಟೇ, ಮಡಿಕೇರಿಯ ನನ್ನ ಕೋಣೆಗೆ ಫ್ರೀಜ್ ಮಾಡಿಸಿಟ್ಟ ವೀರ್ಯ ಸತ್ತುಹೋಯಿತು ಅನ್ನೋ ಭಯ ಹೊತ್ತು ಬಂದವರಲ್ಲಿ ಇವನು ಮೂರನೆಯವನು.

26 ವರ್ಷ, ಸೋಮವಾರಪೇಟೆ ಕಡೆಯವನು, ಮದುವೆ ಆಗಿಲ್ಲ. ವೃಷಣದ ಕ್ಯಾನ್ಸರ್. ಆಪರೇಷನ್ ಆಗಿತ್ತು, ಹತ್ತು ದಿನದಲ್ಲಿ ಮೈಸೂರಿನಲ್ಲಿ ಕೀಮೋ ಶುರು. ಕೀಮೋ ಆದಮೇಲೆ ಕೆಲವರಿಗೆ ವೀರ್ಯಾಣು ಮತ್ತೆ ಬರುತ್ತೆ, ಕೆಲವರಿಗೆ ಬರಲ್ಲ, ಯಾರಿಗೆ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಈ ವಾರವೇ ವೀರ್ಯ ಫ್ರೀಜ್ ಮಾಡಿಸಿ ಅಂದಿದ್ದೆ. "ಜೀವದ ಚಿಂತೆ ಇರುವಾಗ ಮಗುವಿನ ಮಾತ್ಯಾಕೆ" ಅಂತ ಅವನ ಚಿಕ್ಕಪ್ಪ ಫೋನಲ್ಲಿ ರೇಗಿದ್ದರು. ರೇಗಲಿ. ಈ ಕ್ಯಾನ್ಸರ್ ಬಹಳಷ್ಟು ಜನರಲ್ಲಿ ಗುಣವಾಗುತ್ತೆ. ಆಮೇಲೂ ಅವನು ಬದುಕಬೇಕಲ್ವಾ? ಕೀಮೋ ಶುರುವಾದ ಮೇಲೆ ಕೊಟ್ಟ ಸ್ಯಾಂಪಲ್ ಇಡಲು ಡಾಕ್ಟರುಗಳೇ ಒಪ್ಪಲ್ಲ, ಔಷಧದಿಂದ ಅದರ ಡಿಎನ್‌ಎ ಕೆಟ್ಟಿರಬಹುದು ಅಂತ.

ನಾಲ್ಕನೇ ದಿನ ಅಪ್ಪನ ಜೊತೆ ಬಂದ. ಲ್ಯಾಬಿನವರು ಒಂದು ಸಣ್ಣ ವಯಲ್, ಅಂದರೆ ಪುಟ್ಟ ಶೀಶೆ, ಕರಗಿಸಿ ನೋಡಿದ್ದರು. ಫ್ರೀಜ್ ಮಾಡುವ ಮೊದಲು ಓಡಾಡುತ್ತಿದ್ದ ವೀರ್ಯಾಣು ನೂರಕ್ಕೆ 46, ಕರಗಿಸಿದ ಮೇಲೆ 20. ಕಾಗದವನ್ನು ಮಡಚಿ ಮಡಚಿ ಬಸ್ ಟಿಕೆಟಿನಷ್ಟು ಮಾಡಿದ್ದ.

"ಅರ್ಧ ಸತ್ತೋಗಿದೆ ಮೇಡಂ."

ಅಪ್ಪ ಕಿಟಕಿ ನೋಡುತ್ತಾ ಕೂತಿದ್ದರು, ಮಗನೆದುರು ಈ ಮಾತು ಅವರಿಗೆ ಮುಜುಗರ. ಆಮೇಲೆ ಕಿಟಕಿಗೇ ಹೇಳಿದ ಹಾಗೆ ಹೇಳಿದರು: "ಕಾಫಿ ಬೀಜ ತೆಗೆದ ವರ್ಷವೇ ಪಾತಿಗೆ ಹಾಕಬೇಕು. ಮುಂದಿನ ವರ್ಷಕ್ಕೆ ಅಂತ ಇಟ್ರೆ ಹುಟ್ಟಲ್ಲ. ಇದನ್ನು ಐದು ವರ್ಷ ಇಡ್ತಾರಂತೆ. ಉಳಿದದ್ದೂ ಹೋಗಲ್ವಾ?"

ಮಗ ಕೇಳಲಾಗದೆ ಇಟ್ಟುಕೊಂಡಿದ್ದ ಪ್ರಶ್ನೆ ಅದೇ.

ಹೋಗಲ್ಲ, ಅಂದೆ. ಚೀಲದಲ್ಲಿಟ್ಟ ಬೀಜ ಒಳಗೊಳಗೇ ಉಸಿರಾಡುತ್ತಾ ಸೊರಗುತ್ತೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ, ಅಲ್ಲಿ ಎಲ್ಲವೂ ನಿಂತುಬಿಡುತ್ತೆ, ಒಂದು ವರ್ಷವೂ ಹತ್ತು ವರ್ಷವೂ ಹೆಚ್ಚುಕಮ್ಮಿ ಒಂದೇ. ಪೆಟ್ಟು ಬೀಳೋದು ಒಳಗೆ ಹೋಗುವಾಗ, ಹೊರಗೆ ಬರುವಾಗ. ನೀರು ಮಂಜುಗಡ್ಡೆಯ ಹರಳಾಗಿ ವೀರ್ಯಾಣುವಿನ ಪೊರೆ ಹರಿಯುತ್ತೆ, ಸುತ್ತಲಿನ ಉಪ್ಪು ಗಟ್ಟಿಯಾಗಿ ಅದು ಮುದುಡುತ್ತೆ, ಕರಗುವಾಗ ನೀರು ಒಮ್ಮೆಗೇ ನುಗ್ಗಿ ಉಬ್ಬುತ್ತೆ. ಇದನ್ನು ತಡೆಯೋಕೇ ಗ್ಲಿಸರಾಲ್ ಬೆರೆಸೋದು. 1949ರಲ್ಲಿ ಇಂಗ್ಲೆಂಡಿನಲ್ಲಿ ಅದು ಗೊತ್ತಾಯಿತು, 1953ರ ಹೊತ್ತಿಗೆ ಅಮೆರಿಕದಲ್ಲಿ ಫ್ರೀಜ್ ಮಾಡಿದ ವೀರ್ಯದಿಂದ ಗರ್ಭ ನಿಂತಿತ್ತು. ಅಷ್ಟು ಮಾಡಿದರೂ ಓಡಾಡುವವುಗಳಲ್ಲಿ ಸುಮಾರು ಅರ್ಧ ನಿಂತುಹೋಗೋದು ಮಾಮೂಲು. ನಿಂತದ್ದೆಲ್ಲ ಸತ್ತದ್ದೂ ಅಲ್ಲ.

"ಸಾವಿರ ಗಿಡ ಬೇಕಾದ್ರೆ ಸಾವಿರವೇ ಬೀಜ ಹಾಕ್ತೀರಾ?" ಅಂತ ಅವರನ್ನೇ ಕೇಳಿದೆ. "ಯಾರಾದ್ರೂ ಹಾಕ್ತಾರಾ!" ಅಂತ ನಕ್ಕರು. ಮಗನೂ ಸ್ವಲ್ಪ ನಕ್ಕ.

ನಾನು ಹೇಳಿದ್ದು ಇಷ್ಟು. ಕೀಮೋಗೆ ಮೊದಲು ಎರಡು ಮೂರು ದಿನ ಬಿಟ್ಟು ಇನ್ನೊಂದು ಸ್ಯಾಂಪಲ್ ಕೊಡು. ಒಂದೇ ವಯಲ್‌ನಲ್ಲಿ ತುಂಬಿಸಬೇಡ, ಸಣ್ಣ ಸಣ್ಣದಾಗಿ ಹಂಚಿಸು. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಿದರೆ ಇನ್ನೂ ಪೆಟ್ಟು, ಹಾಗಾಗಿ ಒಂದು ಪ್ರಯತ್ನಕ್ಕೆ ಒಂದು ವಯಲ್. ಇಕ್ಸಿಯಲ್ಲಿ, ಅಂದರೆ ಲ್ಯಾಬಿನಲ್ಲಿ ಸೂಜಿಯಿಂದ ವೀರ್ಯಾಣುವನ್ನು ನೇರ ಅಂಡದೊಳಗೆ ಬಿಡುವ ವಿಧಾನದಲ್ಲಿ, ಒಂದು ಅಂಡಕ್ಕೆ ಒಂದೇ ವೀರ್ಯಾಣು ಸಾಕು, ನೂರಕ್ಕೆ 20 ಅನ್ನೋದು ಅಲ್ಲಿ ದೊಡ್ಡ ಸಂಖ್ಯೆ. ಮಗು ಆಗೇ ಆಗುತ್ತೆ ಅಂತ ಮಾತ್ರ ಹೇಳಲಿಲ್ಲ. ಸುಳ್ಳು ಧೈರ್ಯ ಕೊಟ್ಟರೆ ಐದು ವರ್ಷದ ಮೇಲೆ ಅದನ್ನು ಹೊರುವವನು ಅವನೇ.

ಎದ್ದು ಹೊರಡುವಾಗ ಲ್ಯಾಬಿನ ಒಪ್ಪಿಗೆ ಪತ್ರ ತೆಗೆದ. ಒಂದು ಸಾಲು ಖಾಲಿ ಬಿಟ್ಟಿದ್ದ: ನೀವು ತೀರಿಕೊಂಡರೆ ಇದನ್ನು ಏನು ಮಾಡಬೇಕು? ಅಪ್ಪ ಪೆನ್ನಿಗೆ ಕೈ ಚಾಚಿದರು. "ನೀವು ಸ್ವಲ್ಪ ಹೊರಗೆ ಕೂತಿರಿ" ಅಂದೆ. ಅವರಿಗೆ ಬೇಜಾರಾಯಿತು, ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಆದರೆ ಅದು ಅವನೊಬ್ಬನೇ ಬರೆಯಬೇಕಾದ ಸಾಲು. ಬಹಳ ಹೊತ್ತು ಸುಮ್ನೆ ಕೂತಿದ್ದು, ಏನೋ ಬರೆದು ಮಡಚಿಟ್ಟ. ಏನು ಅಂತ ನಾನು ಕೇಳಲಿಲ್ಲ.