ಸಂಪಾದಕರ ಉತ್ತರ: ಚಕ್ರವರ್ತಿ ಮತ್ತು ತೋಟದ ಟೋಬಿ

ಮಾನ್ಯರೇ,

ಸೇಂಟ್ ಹೆಲೆನಾ ದ್ವೀಪದಲ್ಲಿ ನೆಪೋಲಿಯನ್ ಕಳೆದ ಕೊನೆಯ ವರ್ಷಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಅಷ್ಟೊಂದು ಮನೆಗಳ ದೀಪ ಆರಿಸಿದವನಿಗೆ ಬಂಗಲೆ, ಆಳುಕಾಳು, ವೈನು ಎಲ್ಲವೂ ಇತ್ತು. ಅವನಿಗಾಗಿ ಇಷ್ಟು ಮರುಗುವುದೇಕೆ? ವಿಷವಿಕ್ಕಿ ಕೊಂದ ವಿಚಾರ ಯಾಕೆ ಬಿಟ್ಟಿರಿ? ಅಷ್ಟಕ್ಕೂ ಆ ದ್ವೀಪಕ್ಕೂ ನಮಗೂ ಏನು ಸಂಬಂಧ?" ಎಂದು ಕೇಳಿದ್ದೀರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ಮೇಷ್ಟ್ರು ಕೇಳಿದ ಪ್ರಶ್ನೆಗಳಿಗೆ ಎರಡು ಸಾಲಿನಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಸಂಬಂಧದ ಮಾತು ಮೊದಲು. 1815ರ ಅಕ್ಟೋಬರ್‌ನಲ್ಲಿ ನೆಪೋಲಿಯನ್ ಜೇಮ್ಸ್‌ಟೌನಿನಲ್ಲಿ ಇಳಿದಾಗ ಆ ದ್ವೀಪ ಈಸ್ಟ್ ಇಂಡಿಯಾ ಕಂಪನಿಯ ಸ್ವತ್ತು. ಭಾರತದಿಂದ ಊರಿಗೆ ಮರಳುವ ಹಡಗುಗಳು ನೀರು, ತರಕಾರಿ ತುಂಬಿಕೊಳ್ಳುತ್ತಿದ್ದ ತಾಣ. ಅಲ್ಲಿ ಆಗ ಗವರ್ನರ್ ಆಗಿದ್ದವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದು, ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದನಲ್ಲ, ಅದೇ ವಿಲ್ಕ್ಸ್. 1799ರ ಜನವರಿಯಲ್ಲಿ ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಪತ್ರ ಬರೆದಿದ್ದ. ಅದು ಶ್ರೀರಂಗಪಟ್ಟಣ ಮುಟ್ಟಲೇ ಇಲ್ಲ, ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಟಿಪ್ಪು ಮಡಿದ. ಹದಿನಾರು ವರ್ಷಗಳ ನಂತರ ಆ ಪತ್ರ ಬರೆದವನು, ಟಿಪ್ಪುವಿನ ಚರಿತ್ರೆ ಬರೆಯುತ್ತಿದ್ದವನ ದ್ವೀಪಕ್ಕೇ ಬಂದಿಯಾಗಿ ಬಂದ. ಈ ಸಂಗತಿ ನಮ್ಮ ಲೇಖನದಲ್ಲಿ ಇರಬೇಕಿತ್ತು. ಇಲ್ಲದ್ದು ನನ್ನ ಲೋಪ.

ಇನ್ನು ವಿಷ. ಮರಣೋತ್ತರ ಪರೀಕ್ಷೆಯಲ್ಲಿ ನೆಪೋಲಿಯನ್ನನ ಹೊಟ್ಟೆ ಹುಣ್ಣಾಗಿ ಕೆಟ್ಟಿದ್ದು ಕಂಡಿತ್ತು. ಅವನ ತಂದೆ ಸತ್ತದ್ದೂ ಹೊಟ್ಟೆಯ ರೋಗದಿಂದಲೇ. ಕೂದಲಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದ್ದು ನಿಜ. ಆದರೆ 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲನ್ನೂ, ಹೆಂಡತಿ ಮಗನ ಕೂದಲನ್ನೂ ಪರೀಕ್ಷಿಸಿದಾಗ ಎಲ್ಲದರಲ್ಲೂ ಅಷ್ಟೇ ಹೆಚ್ಚು ಆರ್ಸೆನಿಕ್ ಇತ್ತು. ಹಾಗಾಗಿ ಬಿಟ್ಟೆವು.

ಶಿಕ್ಷೆಯ ಪ್ರಶ್ನೆಯೇ ದೊಡ್ಡದು. 1814ರಲ್ಲಿ ಅವನನ್ನು ಎಲ್ಬಾ ದ್ವೀಪದಲ್ಲಿಟ್ಟಿದ್ದರು. ಅದು ಇಟಲಿಯ ಮಗ್ಗುಲಲ್ಲೇ ಇತ್ತು. ವರ್ಷ ತುಂಬುವುದರೊಳಗೆ ತಪ್ಪಿಸಿಕೊಂಡು ಬಂದು ಮತ್ತೆ ಸಿಂಹಾಸನ ಏರಿದ. ವಾಟರ್ಲೂ ಸೋಲಿನ ಮೇಲೆ ಇಂಗ್ಲಿಷರು ಆಫ್ರಿಕಾದ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರದ ಬಂಡೆಯನ್ನು ಆರಿಸಿದ್ದು ಆ ಪಾಠದಿಂದ. ನೀವು ಬಂಗಲೆ ಎಂದ ಲಾಂಗ್‌ವುಡ್ ಗಾಳಿ, ಮಂಜು ಹೊಡೆಯುವ ದಿಬ್ಬದ ಮೇಲಿತ್ತು. ಗೋಡೆಗಳಿಗೆ ತೇವ, ನೆಲದಡಿ ಇಲಿಗಳ ಕಾಟ. 1816ರಲ್ಲಿ ವಿಲ್ಕ್ಸ್‌ನ ಜಾಗಕ್ಕೆ ಬಂದ ಹಡ್ಸನ್ ಲೋ, ಬಂದಿಯನ್ನು ಚಕ್ರವರ್ತಿ ಎಂದು ಕರೆಯಲು ಕೊನೆಯವರೆಗೂ ಒಪ್ಪಲಿಲ್ಲ. ಜನರಲ್ ಬೋನಪಾರ್ಟೆ, ಅಷ್ಟೇ. ದಿನಕ್ಕೆರಡು ಸಲ ಅಧಿಕಾರಿಯೊಬ್ಬ ಅವನನ್ನು ಕಣ್ಣಾರೆ ಕಂಡು ವರದಿ ಮಾಡಬೇಕಿತ್ತು. ಕಾಣಿಸಿಕೊಳ್ಳಬಾರದೆಂದು ಇವನು ಕಿಟಕಿ ಮುಚ್ಚಿ ಒಳಗೇ ಉಳಿದುಬಿಡುತ್ತಿದ್ದ. 1821ರ ಮೇ 5ರಂದು ಸತ್ತ ಮೇಲೂ ಹೆಸರಿನ ಜಗಳ ಮುಗಿಯಲಿಲ್ಲ. ಫ್ರೆಂಚರು ಬರೀ 'ನೆಪೋಲಿಯನ್' ಎಂದು ಕೆತ್ತಿಸಬೇಕೆಂದರು, ಲೋ ಜೊತೆಗೆ ಮನೆತನದ ಹೆಸರು 'ಬೋನಪಾರ್ಟೆ'ಯೂ ಬೇಕೆಂದ. ಕೊನೆಗೆ ಸಮಾಧಿಯ ಕಲ್ಲನ್ನು ಏನೂ ಬರೆಯದೆ ಬಿಟ್ಟರು. ಇದು ಶಿಕ್ಷೆಯೇ ಎಂದು ನಾನು ಈಗಲೂ ನಂಬುತ್ತೇನೆ.

ಆದರೆ ನಮ್ಮ ಮರುಕವೆಲ್ಲ ಒಬ್ಬನ ಮೇಲೇ ಸುರಿದುಹೋಯಿತು ಎಂಬ ನಿಮ್ಮ ಮಾತು ಚುಚ್ಚಿತು. ಚುಚ್ಚಬೇಕಾದ್ದೇ. ಲಾಂಗ್‌ವುಡ್ ಸಿದ್ಧವಾಗುವವರೆಗೆ ನೆಪೋಲಿಯನ್ ಎರಡು ತಿಂಗಳು ಬಾಲ್ಕಂ ಎಂಬವರ ಬ್ರಯರ್ಸ್ ತೋಟದಲ್ಲಿದ್ದ. ಆ ತೋಟ ನೋಡಿಕೊಳ್ಳುತ್ತಿದ್ದವನು ಟೋಬಿ, ಮಲಯ ಮೂಲದ ಮುದುಕ, ಗುಲಾಮ. ಇಂಗ್ಲಿಷ್ ಹಡಗಿನವರು ಅವನನ್ನು ಮೋಸದಿಂದ ಹತ್ತಿಸಿಕೊಂಡು ತಂದು ಮಾರಿದ್ದರೆಂದು ನೆಪೋಲಿಯನ್ನನ ಜೊತೆಗಿದ್ದ ಲಾಸ್ ಕಾಸ್ ಬರೆದಿಟ್ಟಿದ್ದಾನೆ. ನೆಪೋಲಿಯನ್ ಅವನ ಕಥೆ ಕೇಳಿ, ಹಣ ಕೊಟ್ಟು ಬಿಡಿಸಿ ಊರಿಗೆ ಕಳಿಸಬೇಕೆಂದುಕೊಂಡ. ಅದು ಕೈಗೂಡಲಿಲ್ಲ.

ಫ್ರಾನ್ಸಿನ ಕ್ರಾಂತಿ ಸರ್ಕಾರ 1794ರಲ್ಲಿ ರದ್ದು ಮಾಡಿದ್ದ ಗುಲಾಮಗಿರಿಗೆ 1802ರಲ್ಲಿ ಮತ್ತೆ ಕಾನೂನಿನ ಬಲ ಕೊಟ್ಟವನೂ ಇದೇ ನೆಪೋಲಿಯನ್. ಅದೇ ವರ್ಷ, ಇಂದಿನ ಹೈಟಿಯಲ್ಲಿ ಗುಲಾಮರ ದಂಗೆಯ ಮುಂದಾಳಾಗಿದ್ದ ತೂಸಾಂ ಲೂವರ್ಚೂರ್‌ನನ್ನು ನೆಪೋಲಿಯನ್ನನ ಸೇನಾಪತಿಗಳು ಮಾತುಕತೆಗೆಂದು ಕರೆದು ಸೆರೆಹಿಡಿದರು. ಬಿಸಿಲ ದ್ವೀಪದಲ್ಲಿ ಹುಟ್ಟಿ ಬೆಳೆದವನನ್ನು ಹಡಗಿನಲ್ಲಿ ತಂದು ಜುರಾ ಬೆಟ್ಟಗಳ ಚಳಿಯ ಕೋಟೆಯೊಂದಕ್ಕೆ ನೂಕಿದರು. ಹೆಂಡತಿ ಮಕ್ಕಳಿಂದ ಬೇರ್ಪಡಿಸಿದರು. ಅವನು ತನ್ನ ಕಥೆಯನ್ನೆಲ್ಲ ಬರೆದು ನೆಪೋಲಿಯನ್‌ಗೆ ಮನವಿ ಮಾಡಿಕೊಂಡ. 1803ರ ಏಪ್ರಿಲ್‌ನಲ್ಲಿ ಆ ಕೋಣೆಯಲ್ಲೇ ಸತ್ತ.

ಸೇಂಟ್ ಹೆಲೆನಾದಲ್ಲಿ ನೆಪೋಲಿಯನ್ ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಅಧಿಕಾರಿಗಳು, ಸೇವಕರು, ವೈದ್ಯರು ಇದ್ದರು. ಲಾಸ್ ಕಾಸ್‌ನ ಪುಸ್ತಕ 1823ರಲ್ಲಿ ಬಂದು ಯುರೋಪಿನ ಮನಸ್ಸನ್ನೇ ಗೆದ್ದಿತು. 1840ರಲ್ಲಿ ಶವವನ್ನು ರಾಜಮರ್ಯಾದೆಯಿಂದ ಪ್ಯಾರಿಸ್‌ಗೆ ಒಯ್ದರು. ನಮ್ಮ ಲೇಖನವೂ ಅವರೆಲ್ಲ ಬರೆದಿಟ್ಟ ದಾರಿಯಲ್ಲೇ ನಡೆಯಿತು. ನಾನೂ ಅದನ್ನು ಓದಿ ಒಪ್ಪಿ ಅಚ್ಚಿಗೆ ಕಳಿಸಿದೆ. ಟೋಬಿಯ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ.

ತೂಸಾಂ ಬಗ್ಗೆ ಬರುವ ತಿಂಗಳು ಬರೆಸುತ್ತಿದ್ದೇನೆ. ಓದಿ, ತಪ್ಪಿದ್ದರೆ ಇದೇ ರೀತಿ ಕಟುವಾಗಿ ತಿಳಿಸಿ.

— ಸಂ.