ಕೇಳಿ ನೋಡಿ: ಸ್ಟಾಕ್‌ಹೋಮ್‌ಗೆ ಮೂರು ದಿನ ಸಾಕಾ?

ಪ್ರಶ್ನೆ: ಮಗ ಜರ್ಮನಿಯಲ್ಲಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಒಂದು ತಿಂಗಳು ಅವನ ಮನೆಗೆ ಹೋಗುತ್ತಿದ್ದೇವೆ. ಜೂನ್ 20ರ ಆಸುಪಾಸು, ಶುಕ್ರವಾರದಿಂದ ಭಾನುವಾರ, ಸ್ಟಾಕ್‌ಹೋಮ್ ನೋಡಿ ಬರೋಣ ಅಂತಿದೆ. ಬೇರೆ ವೀಸಾ ಬೇಕಾ? ಭಾರೀ ದುಬಾರಿ ಊರಂತೆ, ಹೌದಾ? ನಮ್ಮ ಯಜಮಾನರಿಗೆ ಮಂಡಿ ನೋವು ಬೇರೆ.
— ಓದುಗರು, ದಾವಣಗೆರೆ

ಉತ್ತರ: ಟಿಕೆಟ್ ಇನ್ನೂ ಮಾಡಿಸಿಲ್ಲ ತಾನೇ? ಹಾಗಿದ್ದರೆ ಒಂದು ವಾರ ಆಚೆ ಈಚೆ ಮಾಡಿ. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ಸ್ವೀಡನ್ನಿನವರಿಗೆ ಮಿಡ್‌ಸೊಮ್ಮರ್, ಬೇಸಿಗೆಯ ದೊಡ್ಡ ಹಬ್ಬ. ನಮ್ಮಲ್ಲಿ ದೀಪಾವಳಿಗೆ ಬೆಂಗಳೂರು ಖಾಲಿಯಾಗುತ್ತಲ್ಲ, ಹಾಗೇ ಅಲ್ಲೂ ಜನ ಹಳ್ಳಿ ಕಡೆ ಹೊರಟುಬಿಡುತ್ತಾರೆ. ಅಂಗಡಿ, ಹೋಟೆಲ್ ಎಷ್ಟೋ ಬಾಗಿಲು ಹಾಕಿರುತ್ತವೆ. ಅದೇ ದಿನ ಹೋಗಲೇಬೇಕಾದರೆ ಸ್ಕಾನ್ಸೆನ್‌ಗೆ ಹೋಗಿ. 1891ರಲ್ಲಿ ಶುರುವಾದ ಬಯಲು ಮ್ಯೂಸಿಯಂ ಅದು. ಅಲ್ಲಿ ಹೂವು ಸೊಪ್ಪು ಸುತ್ತಿದ ಕಂಬ ನೆಟ್ಟು ಸುತ್ತಲೂ ಕುಣಿಯುತ್ತಾರೆ.

ವೀಸಾ ಬೇರೆ ಬೇಡ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಒಂದೇ ಸಾಕು. ಜಾಸ್ತಿ ದಿನ ಇರೋದು ಜರ್ಮನಿಯಲ್ಲಾದ್ದರಿಂದ ಅರ್ಜಿ ಅಲ್ಲಿಗೇ ಹಾಕಿ.

ದುಬಾರಿ ಅನ್ನೋದು ನಿಜ. ಆದರೆ ವಿಮಾನ ನಿಲ್ದಾಣದಲ್ಲೇ ಉಳಿಸೋಕೆ ಶುರು ಮಾಡಬಹುದು. ಆರ್ಲಾಂಡಾದಿಂದ ಊರಿಗೆ ಸುಮಾರು 40 ಕಿಲೋಮೀಟರ್. ಇಪ್ಪತ್ತೇ ನಿಮಿಷದಲ್ಲಿ ತಲುಪಿಸುವ ರೈಲು ಹತ್ತಿದರೆ ಜೇಬು ಸುಡುತ್ತದೆ. ಅದರ ಬದಲು 583ನೇ ನಂಬರ್ ಬಸ್ಸಿನಲ್ಲಿ ಮಾರ್ಸ್ತಾ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿಯಿರಿ. ನಿಧಾನ, ಆದರೆ ಊರೊಳಗಿನ ಮೆಟ್ರೋ, ಬಸ್ಸು, ಟ್ರಾಮಿಗೆ ಕೊಡುವ 72 ಗಂಟೆಯ ಎಸ್‌ಎಲ್ ಟಿಕೆಟ್ ಇದಕ್ಕೂ ನಡೆಯುತ್ತದೆ. ಅದೇ ಟಿಕೆಟ್‌ನಲ್ಲಿ ಸ್ಲುಸೆನ್‌ನಿಂದ ಯೂರ್ಗೋರ್ಡನ್ ದ್ವೀಪಕ್ಕೆ ದೋಣಿಯಲ್ಲೂ ಹೋಗಬಹುದು. ಹದಿನಾಲ್ಕು ದ್ವೀಪಗಳ ಮೇಲಿರುವ ಊರು, ನೀರಿನ ಮೇಲಿಂದ ನೋಡದಿದ್ದರೆ ಏನು ನೋಡಿದ ಹಾಗಾಯ್ತು?

ನೋಟು ಬದಲಾಯಿಸಿಕೊಂಡು ಹೋಗಬೇಡಿ. ಅಲ್ಲಿ ಯೂರೋ ಅಲ್ಲ, ಕ್ರೋನಾ. ನಾನು ಜಾಣತನ ಮಾಡಿ ಒಂದಿಷ್ಟು ಕ್ರೋನಾ ಒಯ್ದಿದ್ದೆ. ಮೊದಲ ಕಾಫಿ ಅಂಗಡಿಯಲ್ಲೇ ಹುಡುಗಿ ನನ್ನ ನೋಟು ನೋಡಿ ನಕ್ಕು ಕಾರ್ಡ್ ಮೆಷಿನ್ ಮುಂದೆ ಹಿಡಿದಳು. ಆ ನೋಟುಗಳು ಇವತ್ತೂ ನಮ್ಮ ಮನೆ ಬೀರುವಿನಲ್ಲಿವೆ. ಕುಡಿಯುವ ನೀರೂ ಕೊಳ್ಳಬೇಡಿ, ನಲ್ಲಿಯಲ್ಲಿ ಬರೋದೇ ಚೆನ್ನಾಗಿದೆ.

ಒಂದೇ ಒಂದು ಕಡೆ ದುಡ್ಡು ಕೊಟ್ಟು ಒಳಗೆ ಹೋಗ್ತೀವಿ ಅಂದರೆ, ವಾಸಾ ಮ್ಯೂಸಿಯಂ. 1628ರ ಆಗಸ್ಟ್ 10ರಂದು ರಾಜನ ಹೊಸ ಯುದ್ಧನೌಕೆ ವಾಸಾ 64 ಫಿರಂಗಿ ಹೊತ್ತು ಹೊರಟಿತು. ಒಂದೂವರೆ ಕಿಲೋಮೀಟರ್ ಕೂಡ ಹೋಗಲಿಲ್ಲ. ಗಾಳಿಗೆ ಮಗ್ಗುಲಾಯಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ದಡದಲ್ಲಿ ನಿಂತವರ ಕಣ್ಣೆದುರೇ ಮುಳುಗಿತು. ಮೇಲ್ಭಾರ ಜಾಸ್ತಿ. ಹೊರಡುವ ಮುಂಚೆಯೇ 30 ಜನರನ್ನು ಡೆಕ್ಕಿನ ಮೇಲೆ ಅತ್ತಿಂದಿತ್ತ ಓಡಿಸಿ ನೋಡಿದ್ದರು, ಹಡಗು ಓಲಾಡಿದ್ದು ನೋಡಿ ಅಡ್ಮಿರಲ್ ಪರೀಕ್ಷೆಯನ್ನೇ ನಿಲ್ಲಿಸಿದನಂತೆ! ರಾಜನಿಗೆ ಯಾರು ಹೇಳ್ತಾರೆ, ಅಲ್ವಾ? 333 ವರ್ಷ ನೀರಡಿ ಇದ್ದು 1961ರಲ್ಲಿ ಮೇಲೆ ಬಂತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಅದಕ್ಕೇ ಮರ ಕೊರೆಯುವ ಹುಳ ಅಲ್ಲಿ ಬದುಕುವುದಿಲ್ಲ. ಹಾಗಾಗಿ ಹೆಚ್ಚುಕಡಿಮೆ ಇಡೀ ಹಡಗು ಹಳೇ ಮರದ್ದೇ. ಒಳಗೆ ಮಂದ ಬೆಳಕು, ಸ್ವಲ್ಪ ತಣ್ಣಗಿರುತ್ತದೆ, ಯಜಮಾನರಿಗೆ ಸ್ವೆಟರ್ ಇಟ್ಟುಕೊಳ್ಳಿ. ಲಿಫ್ಟೂ ಇದೆ.

ಹಳೇ ಊರು ಗಾಮ್ಲಾ ಸ್ತಾನ್‌ನಲ್ಲಿ ಮಾತ್ರ ಮಂಡಿ ಜೋಪಾನ, ಬೀದಿಯೆಲ್ಲಾ ಉರುಟು ಕಲ್ಲು. ಅಲ್ಲೊಂದು ಓಣಿಯ ತುದಿ ಬರೀ 90 ಸೆಂಟಿಮೀಟರ್ ಅಗಲ, ಅದೂ ಮೆಟ್ಟಿಲು. ಅದನ್ನು ಕೆಳಗಿಂದ ನೋಡಿದರೆ ಸಾಕು. ಆಮೇಲೆ ಎಲ್ಲಾದರೂ ಕೂತು ಏಲಕ್ಕಿ ಬನ್ ತಗೊಳ್ಳಿ. ಒರಟಾಗಿ ಕುಟ್ಟಿದ ಏಲಕ್ಕಿ ಹಲ್ಲಿಗೆ ಸಿಗುತ್ತೆ. ನಾವು ಪಾಯಸಕ್ಕೆ ಹಾಕುವುದಕ್ಕಿಂತ ಜಾಸ್ತಿ!

ಪ್ರಶ್ನೆ: ಸ್ಟಾಕ್‌ಹೋಮ್‌ಗೆ ಡಿಸೆಂಬರ್‌ನಲ್ಲಿ ಹೋದರೆ ಹೇಗೆ?
— ಓದುಗರು, ಮಂಗಳೂರು

ಉತ್ತರ: ಮಧ್ಯಾಹ್ನ ಮೂರರೊಳಗೆ ಸೂರ್ಯ ಮುಳುಗುತ್ತಾನೆ, ನೋಡೋದನ್ನೆಲ್ಲಾ ಊಟಕ್ಕೆ ಮುಂಚೆ ನೋಡಿ. 13ನೇ ತಾರೀಕು ಅಲ್ಲಿದ್ದರೆ ಒಳ್ಳೆಯದು, ಲೂಸಿಯಾ ಹಬ್ಬ, ತಲೆ ಮೇಲೆ ದೀಪ ಇಟ್ಟುಕೊಂಡ ಲೂಸಿಯಾ ಮುಂದೆ, ಬಿಳಿ ಬಟ್ಟೆಯ ಹುಡುಗಿಯರು ಹಿಂದೆ, ಹಾಡುತ್ತಾ ಬರುತ್ತಾರೆ. ಮತ್ತೆ, ಜಾರದ ಶೂ ಹಾಕಿಕೊಂಡು ಹೋಗಿ.